"ಪಾರ್ಸೆಲ್ ಬಂದೇ ಇಲ್ಲ" ಅಂತ ಫಾರಿನ್ ಕಸ್ಟಮರ್ ಕೇಸ್ ಹಾಕಿದ್ರೆ: ಡೆಲಿವರಿ ಪ್ರೂಫ್ ಮೊದಲೇ ರೆಡಿ ಇಟ್ಕೊಳ್ಳೋದು ಹೇಗೆ

ಪೋಸ್ಟಾಫೀಸಿನ ರಸೀದಿ ಇತ್ತು, ಪ್ಯಾಕ್ ಮಾಡಿದ ವಿಡಿಯೋ ಇತ್ತು, ಚಾಟ್ ಎಲ್ಲಾ ಇತ್ತು, ಆದ್ರೂ ದುಡ್ಡು ವಾಪಸ್ ಕಿತ್ಕೊಂಡ್ರು ಅಂತ ಮೈಸೂರು ಮಂಡ್ಯ ಕಡೆ ಆನ್‌ಲೈನಲ್ಲಿ ಮಾರೋರು ಹೇಳೋದು ಕೇಳ್ತಾನೇ ಇರ್ತೀವಿ. ಬೀಟೆ ಮರದ ಇನ್ಲೇ ಮಾಡೋರು, ಅಗರಬತ್ತಿಯೋರು, ರೇಷ್ಮೆ ಸೀರೆ, ಗಂಜೀಫಾ ಎಲೆ, ಬೆಲ್ಲದ ಪುಡಿ, ಯಾರನ್ನ ಕೇಳಿದ್ರೂ ಇದೇ ಗೋಳು. ವಿಷ್ಯ ಏನಪ್ಪಾ ಅಂದ್ರೆ ರಸೀದಿ ಹೇಳೋದು ನೀವು ಕಳ್ಸಿದ್ರಿ ಅಂತ ಅಷ್ಟೇ, ಕೇಸ್ ನೋಡೋರು, ಅಂದ್ರೆ ಪೇಪಾಲ್ ಥರದ ಪೇಮೆಂಟ್ ಕಂಪನಿ, ಇಬೇ, ಎಟ್ಸಿ ಥರದ ಮಾರೋ ಸೈಟಿನವರು, ಕೇಳೋದು ಅದು ತಲುಪ್ತಾ ಅಂತ. ಪ್ಯಾಕಿಂಗ್ ವಿಡಿಯೋನೂ ಅಷ್ಟೇ, ಒಳಗಡೆ ಬೇರೆ ಐಟಂ ಇತ್ತು, ಒಡೆದು ಬಂತು ಅಂತ ತಕರಾರು ಬಂದಾಗ ಅದು ಕೆಲಸಕ್ಕೆ ಬರುತ್ತೆ, ಬಂದೇ ಇಲ್ಲ ಅನ್ನೋ ಕೇಸಿಗೆ ಮೂರು ಕಾಸಿನ ಪ್ರಯೋಜನ ಇಲ್ಲ.

ಅದಕ್ಕೇ ಪ್ರೂಫ್ ಅನ್ನೋದು ಕೇಸ್ ಬಂದ ಮೇಲೆ ಹುಡುಕೋ ವಸ್ತು ಅಲ್ಲ, ಪಾರ್ಸೆಲ್ ಬುಕ್ ಮಾಡೋ ಕೌಂಟರಲ್ಲೇ ಅರ್ಧ ತಯಾರಾಗಿರ್ಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಈ ಕೇಸ್ ನೋಡೋರು ನೋಡೋದು ಏನು ಅಂತ ತಿಳ್ಕೊಳ್ಳಿ. ಪೇಪಾಲ್ ತಗೊಳ್ಳಿ, 2021ರ ಏಪ್ರಿಲಿಂದ ಅವರು ಇಂಡಿಯಾ ಒಳಗಿನ ಪೇಮೆಂಟ್ ನಿಲ್ಲಿಸಿದ್ರೂ ಫಾರಿನ್ ಪೇಮೆಂಟಿಗೆ ನಮ್ಮಲ್ಲಿ ಈಗ್ಲೂ ಸುಮಾರು ಜನ ಅದನ್ನೇ ಬಳಸ್ತಾರೆ. ಅವರ ಲೆಕ್ಕದಲ್ಲಿ ಡೆಲಿವರಿ ಪ್ರೂಫ್ ಅಂದ್ರೆ ಕೊರಿಯರ್ ಅಥವಾ ಪೋಸ್ಟಿನವರ ಸ್ವಂತ ದಾಖಲೆ, ಅದರಲ್ಲಿ "ಡೆಲಿವರ್ಡ್" ಅನ್ನೋ ಸ್ಟೇಟಸ್ ಇರ್ಬೇಕು, ತಾರೀಖು ಇರ್ಬೇಕು, ಮತ್ತೆ ತಲುಪಿದ ವಿಳಾಸದ್ದು ಕಡೇ ಪಕ್ಷ ಊರು, ರಾಜ್ಯ ಇಲ್ಲಾ ಪೋಸ್ಟಲ್ ಕೋಡ್ ಕಾಣ್ಬೇಕು. 750 ಡಾಲರ್ ಮತ್ತೆ ಅದಕ್ಕಿಂತ ಮೇಲಿನ ಆರ್ಡರಿಗೆ ಸಹಿ ಕೂಡ ಬೇಕು. ಇಷ್ಟಾದ್ರೆ ಸಾಲದು, ಆ ವಿಳಾಸ ಪೇಪಾಲಿನ ಟ್ರಾನ್ಸಾಕ್ಷನ್ ಡೀಟೇಲ್ಸ್ ಪೇಜಲ್ಲಿ ಇರೋ ವಿಳಾಸಾನೇ ಆಗಿರ್ಬೇಕು. ಇಬೇ ಕೂಡ ಹೆಚ್ಚುಕಮ್ಮಿ ಹಿಂಗೇ, 750 ಡಾಲರ್ ಆದ್ಮೇಲೆ ಸಹಿ. ಎಟ್ಸಿನಲ್ಲಿ 250 ಡಾಲರ್ ಒಳಗಿನ ಆರ್ಡರಿಗೆ ಸೆಲ್ಲರ್ ಪರವಾಗಿ ಪ್ರೊಟೆಕ್ಷನ್ ಅಂತ ಒಂದಿದೆ, ಹೇಳಿದ ಟೈಮಿಗೆ ಕಳ್ಸಿರ್ಬೇಕು, ಆರ್ಡರಲ್ಲಿ ಇರೋ ವಿಳಾಸಕ್ಕೇ ಕಳ್ಸಿರ್ಬೇಕು, ಟ್ರ್ಯಾಕಿಂಗ್ ನಿಜವಾದ್ದಾಗಿರ್ಬೇಕು.

ಎಲ್ಲಾ ಕಡೆ ವಿಳಾಸ, ವಿಳಾಸ, ವಿಳಾಸ. ಜನ ಸೋಲೋದೂ ಅಲ್ಲೇ. ಕಸ್ಟಮರ್ ಆರ್ಡರ್ ಹಾಕಿ ಆಮೇಲೆ ವಾಟ್ಸಾಪಲ್ಲಿ "ನಮ್ಮ ಅಕ್ಕನ ಮನೆಗೆ ಕಳ್ಸಿಬಿಡಿ, ಅವರು ಟೆಕ್ಸಾಸಲ್ಲಿದ್ದಾರೆ" ಅಂತಾರೆ, ನಮ್ಮವರು ಪಾಪ ಒಳ್ಳೇ ಮನಸ್ಸಿಂದ ಕಳ್ಸೇಬಿಡ್ತಾರೆ, ಅಲ್ಲಿಗೆ ಪ್ರೊಟೆಕ್ಷನ್ ಮುಗೀತು. ಪಾರ್ಸೆಲ್ ಅಕ್ಕನ ಕೈಗೇ ಸೇರಿ ಅಕ್ಕ ಸಹಿ ಹಾಕಿದ್ರೂ ಅದು ಲೆಕ್ಕಕ್ಕೆ ಬರಲ್ಲ. ಇಂಥ ಟೈಮಲ್ಲಿ ಸಂಕೋಚ ಮಾಡ್ಕೊಳ್ಳದೆ ಆರ್ಡರ್ ಕ್ಯಾನ್ಸಲ್ ಮಾಡಿ, ಹೊಸ ವಿಳಾಸದಲ್ಲಿ ಇನ್ನೊಂದ್ಸಲ ಆರ್ಡರ್ ಹಾಕಿ ಅಂತ ಹೇಳಿ. ನಿಜವಾದ ಗಿರಾಕಿ ಆದ್ರೆ ಎರಡು ನಿಮಿಷದಲ್ಲಿ ಹಾಕ್ತಾರೆ. ಕೆಲವರದ್ದು ಫಾರ್ವರ್ಡರ್ ವಿಳಾಸ ಇರುತ್ತೆ, ಹೆಸರಿನ ಪಕ್ಕದಲ್ಲೋ ಕೆಳಗೋ ಸೂಟ್ ನಂಬರ್ ಅಂತ ಉದ್ದಕ್ಕೆ ಒಂದು ನಂಬರ್, ಅಮೆರಿಕಾದ ಯಾವ್ದೋ ಗೋಡೌನು, ಅಲ್ಲಿಂದ ಅದು ಇನ್ನೊಂದು ದೇಶಕ್ಕೆ ಹೋಗುತ್ತೆ. ಇದಕ್ಕೆ ಹೆದರ್ಬೇಕಾಗಿಲ್ಲ, ಗೋಡೌನಿಗೆ ತಲುಪಿದ ಸ್ಕ್ಯಾನೇ ನಿಮ್ಮ ಪ್ರೂಫು, ಅದನ್ನ ಮಾತ್ರ ಬಂದ ದಿನಾನೇ ಸೇವ್ ಮಾಡ್ಕೊಳ್ಳಿ.

ಈಗ ಯಾವ ಸರ್ವೀಸಲ್ಲಿ ಕಳ್ಸೋದು ಅಂತ. ಪೋಸ್ಟಲ್ಲಿ ಕಳ್ಸಿದ್ರೆ ಸಿಗೋ ನಂಬರ್ ಹದಿಮೂರು ಅಕ್ಷರದ್ದು, ಮುಂದೆ ಎರಡು ಇಂಗ್ಲಿಷ್ ಅಕ್ಷರ, ಮಧ್ಯೆ ಒಂಬತ್ತು ಅಂಕಿ, ಕೊನೇಲಿ ಐಎನ್. ಮೊದಲ ಅಕ್ಷರ ನೋಡಿದ್ರೇನೇ ಸುಮಾರು ಗೊತ್ತಾಗುತ್ತೆ: ಇ ಇದ್ರೆ ಇಎಂಎಸ್ ಅಂದ್ರೆ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್, ಆರ್ ಇದ್ರೆ ರಿಜಿಸ್ಟರ್ಡ್, ಸಿ ಇದ್ರೆ ಪಾರ್ಸೆಲ್, ಎಲ್ ಇದ್ರೆ ಟ್ರ್ಯಾಕ್ಡ್ ಪ್ಯಾಕೆಟ್. ಯು ಅಂತ ಶುರುವಾದ್ರೆ ಅದು ಕಸ್ಟಮ್ಸಿಗೋಸ್ಕರ ಹಾಕಿದ ನಂಬರ್ ಅಷ್ಟೇ, ಅದಕ್ಕೆ ಟ್ರ್ಯಾಕಿಂಗ್ ಗ್ಯಾರಂಟಿ ಇರಲ್ಲ, ಅದರಲ್ಲಿ ಡೆಲಿವರಿ ಸ್ಕ್ಯಾನ್ ಬರುತ್ತೆ ಅಂತ ಕಾಯ್ತಾ ಕೂತ್ಕೋಬೇಡಿ.

ಒಂಬತ್ತನೇ ಅಂಕಿ ಬಗ್ಗೆ ಒಂದು ಮಾತು, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ಅದು ಚೆಕ್ ಅಂಕಿ. ಅದಕ್ಕಿಂತ ಮೊದಲಿರೋ ಎಂಟು ಅಂಕಿಗಳನ್ನ ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಉಳಿದಿದ್ದನ್ನ 11ರಲ್ಲಿ ಕಳೆದ್ರೆ ಅದು ಬರ್ಬೇಕು. 12345678 ಅಂತ ಇದ್ರೆ ಕೂಡಿದಾಗ 204 ಬರುತ್ತೆ, 11ರಿಂದ ಭಾಗಿಸಿದ್ರೆ 6 ಉಳಿಯುತ್ತೆ, 11ರಲ್ಲಿ 6 ಕಳೆದ್ರೆ 5, ಅಂದ್ರೆ ಪೂರ್ತಿ ನಂಬರ್ 123456785. ಕಳೆದಾಗ 10 ಬಂದ್ರೆ 0 ಅಂತ, 11 ಬಂದ್ರೆ 5 ಅಂತ ತಗೋತಾರೆ. ದಿನಾ ಲೆಕ್ಕ ಹಾಕ್ಕೊಂಡು ಕೂರಿ ಅಂತಲ್ಲ, ಆದ್ರೆ ವೆಬ್‌ಸೈಟು ನಿಮ್ಮ ನಂಬರ್ ತಗೊಳ್ತಾನೇ ಇಲ್ಲ ಅಂದ್ರೆ ಮುಕ್ಕಾಲು ಪಾಲು ರಸೀದಿ ನೋಡಿ ಟೈಪ್ ಮಾಡುವಾಗ ಒಂದಂಕಿ ಅದಲು ಬದಲು ಆಗಿರುತ್ತೆ. ತಪ್ಪು ನಂಬರ್ ಹಾಕಿ ಆರ್ಡರ್ "ಶಿಪ್ಡ್" ಅಂತ ಮಾರ್ಕ್ ಮಾಡಿಬಿಟ್ರೆ, ಪಾರ್ಸೆಲ್ ನೆಟ್ಟಗೆ ತಲುಪಿದ್ರೂ ಸಿಸ್ಟಮ್ಮಿಗೆ ಅದು ಗೊತ್ತಾಗೋದೇ ಇಲ್ಲ.

ಇಎಂಎಸ್ ಅಂದ್ರೆ ಸಹಿ ತಗೊಂಡೇ ಕೊಡ್ತಾರೆ ಅಂತ ನಂಬ್ಕೊಂಡಿರ್ಬೇಡಿ, ದೇಶ ದೇಶಕ್ಕೆ ಪದ್ಧತಿ ಬೇರೆ, ಸಹಿ ತಗೊಂಡ್ರೂ ಅದರ ಕಾಪಿ ನಿಮ್ಮ ಕೈಗೆ ಸುಲಭವಾಗಿ ಸಿಗಲ್ಲ. ಅದಕ್ಕೇ 750 ಡಾಲರ್ ದಾಟಿದ ಮಾಲಿಗೆ, ಅಂದ್ರೆ ದೊಡ್ಡ ಇನ್ಲೇ ಪ್ಯಾನೆಲ್ಲು, ಚಿನ್ನದ ಹಾಳೆ ಹಾಕಿದ ಮೈಸೂರು ಶೈಲಿ ಚಿತ್ರ, ಇಂಥದ್ದಕ್ಕೆ ಡಿಎಚ್‌ಎಲ್ ಎಕ್ಸ್‌ಪ್ರೆಸ್, ಫೆಡೆಕ್ಸ್, ಯುಪಿಎಸ್ ಥರದ್ದೇ ವಾಸಿ. ಅವರ ಹತ್ರ ಡೆಲಿವರಿ ಪ್ರೂಫ್ (ಪಿಒಡಿ) ಅಂತಾನೇ ಬೇರೆ ಕಾಗದ ಡೌನ್‌ಲೋಡ್ ಆಗುತ್ತೆ, ತಗೊಂಡೋರ ಹೆಸರು, ತಾರೀಖು, ಟೈಮು ಎಲ್ಲಾ ಇರುತ್ತೆ. ಆದ್ರೆ ಪೂರ್ತಿ ವಿಳಾಸ ಮತ್ತೆ ಸಹಿ ಇರೋ ಕಾಪಿ ಬೇಕಂದ್ರೆ ಆ ಶಿಪ್‌ಮೆಂಟ್ ಬುಕ್ ಆದ ಅಕೌಂಟ್ ಬೇಕಾಗ್ಬಹುದು. ನೀವು ಊರಲ್ಲಿರೋ ಏಜೆಂಟ್ ಹತ್ರ ಬುಕ್ ಮಾಡಿದ್ರೆ ಅಕೌಂಟ್ ಅವನದ್ದಾಗಿರುತ್ತೆ, ಸೋ ಬುಕ್ ಮಾಡೋ ಮೊದಲೇ ಕೇಳ್ಬಿಡಿ, "ಅಣ್ಣಾ, ಡೆಲಿವರಿ ಆದ್ಮೇಲೆ ಸಹಿ ಇರೋ ಪಿಒಡಿ ತೆಗೆದುಕೊಡ್ತೀರಾ, ಎಷ್ಟು ದಿನದಲ್ಲಿ?" ಅಂತ. ಹ್ಞೂಂ ಹ್ಞೂಂ ನೋಡೋಣ ಅಂತ ಎಳೆದಾಡಿದ್ರೆ ಬೇರೆ ಏಜೆಂಟ್ ನೋಡ್ಕೊಳ್ಳಿ. ಇನ್ನೊಂದು ರಗಳೆ ಅಂದ್ರೆ ಈ ಏಜೆಂಟು, ಅಗ್ರಿಗೇಟರ್ (ಹಲವು ಕೊರಿಯರ್‌ಗಳಲ್ಲಿ ಬುಕ್ ಮಾಡಿಕೊಡೋ ಕಂಪನಿ) ಹತ್ರ ಕೊಟ್ಟಾಗ ಅವರದ್ದೇ ಒಂದು ನಂಬರ್ ಕೊಡ್ತಾರೆ, ಅಲ್ಲಿ ದೇಶಕ್ಕೆ ಹೋದ್ಮೇಲೆ ಲೋಕಲ್ ಕೊರಿಯರಿನ ಇನ್ನೊಂದು ನಂಬರ್ ಬೀಳುತ್ತೆ, ಆ ಎರಡನೇ ನಂಬರನ್ನ ಕೇಳಿ ತಗೊಂಡು ಆರ್ಡರಿಗೆ ಸೇರಿಸಿ, ಯಾಕಂದ್ರೆ ಡೆಲಿವರ್ಡ್ ಅಂತ ಬರೋದು ಅದರಲ್ಲೇ.

ಸಹಿ ಆಪ್ಷನ್ ಟಿಕ್ ಮಾಡಿದ್ರೆ ಮುಗೀಲಿಲ್ಲ. ತಗೊಳ್ಳೋರು ಅವರ ಆ್ಯಪಲ್ಲಿ ಹೋಗಿ "ಬಾಗಿಲ ಹತ್ರ ಇಟ್ಟು ಹೋಗಿ" ಅಂತಲೋ "ಬೇರೆ ವಿಳಾಸಕ್ಕೆ ಕೊಡಿ" ಅಂತಲೋ ಬದಲಾಯಿಸ್ಬಹುದು. ವಿಳಾಸ ಬದಲಾಯಿಸಿದ್ರೆ ಮತ್ತದೇ ಹಳೇ ಕಥೆ. ಬೆಲೆ ಬಾಳೋ ಪಾರ್ಸೆಲ್ ಆದ್ರೆ ರಿಸೀವರ್ ಇದನ್ನ ಬದಲಾಯಿಸೋಕೆ ಆಗದ ಹಾಗೆ ಮಾಡ್ಬಹುದಾ ಅಂತ ಬುಕ್ಕಿಂಗಲ್ಲೇ ಕೇಳಿ, ಆಗಲ್ಲ ಅಂದ್ರೆ ಬದಲಾಯಿಸಿದ ದಾಖಲೆ ಟ್ರ್ಯಾಕಿಂಗಲ್ಲಿ ಕಾಣೋದನ್ನ ಸೇವ್ ಮಾಡಿ ಇಟ್ಕೊಳ್ಳಿ.

ಕೌಂಟರ್ ಕಥೆಗೆ ಬರೋಣ. ಮೈಸೂರಲ್ಲಾದ್ರೆ ಹೆಡ್ ಪೋಸ್ಟಾಫೀಸಿಗೇ ಹೋಗಿ ಅಂತೀನಿ, ಫಾರಿನ್ ಬುಕ್ಕಿಂಗ್ ಕೈ ಪಳಗಿದೋರು ಇರ್ತಾರೆ, ಬಡಾವಣೆಯ ಸಣ್ಣ ಆಫೀಸಲ್ಲಿ ವಿಳಾಸ ಟೈಪ್ ಮಾಡೋಕೇ ಪರದಾಡ್ತಾರೆ, ಹಿಂದೆ ಕ್ಯೂ ಬೆಳೀತಾ ಇರುತ್ತೆ, "ಇದ್ರಲ್ಲಿ ಊರು ಯಾವ್ದು ಸಾರ್, ರಾಜ್ಯ ಯಾವ್ದು?" ಅಂತ ಅವರು ಕೇಳೋದು, ನಾವು ಮೊಬೈಲ್ ಒಳಗೆ ತೂರಿಸಿ ತೋರ್ಸೋದು. ಇದಕ್ಕೆ ಮದ್ದು ಅಂದ್ರೆ ವಿಳಾಸ ಆರ್ಡರಿಂದ ಹಾಗೇ ಕಾಪಿ ಮಾಡಿ ದೊಡ್ಡಕ್ಷರದಲ್ಲಿ ಎರಡು ಪ್ರಿಂಟ್ ತಗೊಂಡು ಹೋಗೋದು, ಒಂದು ಡಬ್ಬಕ್ಕೆ ಅಂಟ್ಸೋಕೆ, ಒಂದು ಕ್ಲರ್ಕ್ ಕೈಗೆ. ಮಾಮೂಲಿ ಬಿಸಿನೆಸ್ ಎಕ್ಸ್‌ಪೋರ್ಟಿಗೆ 2022ರಿಂದ ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ವ್ಯವಸ್ಥೆ ಇದೆ, ಅದರ ಪೋರ್ಟಲಲ್ಲಿ ವಿಳಾಸ, ಐಟಂ, ಬೆಲೆ ಎಲ್ಲಾ ನೀವೇ ಮನೇಲಿ ಕೂತು ತುಂಬ್ಕೊಂಡು, ಕಸ್ಟಮ್ಸಿಗೆ ಕೊಡೋ ರಫ್ತು ಕಾಗದವಾದ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಕೂಡ ಅಲ್ಲೇ ಹಾಕ್ಬಹುದು. ಅದರ ದೊಡ್ಡ ಲಾಭ ಅಂದ್ರೆ ವಿಳಾಸ ಟೈಪ್ ಮಾಡೋದು ನಿಮ್ಮ ಕೈಯಲ್ಲೇ ಇರುತ್ತೆ.

ರಸೀದಿ ಕೈಗೆ ಬಂದ ತಕ್ಷಣ ಅಲ್ಲೇ ಬೆಂಚ್ ಹತ್ರ ನಿಂತು ಮೂರು ನೋಡಿ: ನಂಬರು, ತೂಕ, ಪೋಸ್ಟಲ್ ಕೋಡು. ತಪ್ಪಿದ್ರೆ ಆಗ್ಲೇ ಸರಿ ಮಾಡಿಸ್ಕೊಳ್ಳಿ, ಮನೆಗೆ ಹೋದ್ಮೇಲೆ ಯಾರೂ ಕೇಳಲ್ಲ. ಆಮೇಲೆ ಲೇಬಲ್ ಅಂಟಿರೋ ಡಬ್ಬ ಮತ್ತೆ ರಸೀದಿ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೀರಿ, ಬಾರ್‌ಕೋಡ್ ಕೆಳಗಿನ ನಂಬರ್ ಓದೋಕಾಗ್ಬೇಕು. ಥರ್ಮಲ್ ಪೇಪರ್ ರಸೀದಿ ಆದ್ರೆ ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಟ್ರೆ ಸಂಜೆಗೆ ಕಪ್ಪಾಗಿರುತ್ತೆ, ಬೀರುವಿನಲ್ಲಿ ಇಟ್ರೂ ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತೆ, ಅದಕ್ಕೇ ಫೋಟೋ. ತೂಕ ಯಾಕೆ ಮುಖ್ಯ ಅಂದ್ರೆ, ಡಬ್ಬ ಬಂತು ಖಾಲಿ ಇತ್ತು ಅಂತ ರಾಗ ಎಳೆಯೋರಿಗೆ ಬುಕ್ಕಿಂಗ್ ತೂಕಕ್ಕಿಂತ ಒಳ್ಳೇ ಉತ್ತರ ಇಲ್ಲ. ಟ್ರ್ಯಾಕಿಂಗ್ ನಂಬರ್ ಅದೇ ದಿನ ಆರ್ಡರಿಗೆ ಹಾಕ್ಬಿಡಿ.

ಇನ್ನು ಟ್ರ್ಯಾಕಿಂಗ್ ನೋಡೋ ಕಲೆ. ಬೆಂಗಳೂರಿನ ಫಾರಿನ್ ಪೋಸ್ಟ್ ದಾಟಿ ವಿಮಾನ ಹತ್ತಿದ ಮೇಲೆ ಇಂಡಿಯಾ ಪೋಸ್ಟ್ ಸೈಟಲ್ಲಿ ಎಷ್ಟೋ ದಿನ ಏನೂ ಅಲ್ಲಾಡಲ್ಲ, ಕಸ್ಟಮರ್ ಆಗ್ಲೇ ಗಾಬರಿ ಬೀಳೋದು. ಅದೇ ಹದಿಮೂರು ಅಕ್ಷರದ ನಂಬರನ್ನ ಆ ದೇಶದ ಪೋಸ್ಟ್ ಸೈಟಲ್ಲಿ ಹಾಕಿ, ಅಮೆರಿಕಾ ಆದ್ರೆ ಯುಎಸ್‌ಪಿಎಸ್, ಇಂಗ್ಲೆಂಡ್ ಆದ್ರೆ ರಾಯಲ್ ಮೇಲ್ ಇಲ್ಲಾ ಪಾರ್ಸೆಲ್‌ಫೋರ್ಸ್, ಕೆನಡಾ ಪೋಸ್ಟ್, ಆಸ್ಟ್ರೇಲಿಯಾ ಪೋಸ್ಟ್, ಅಲ್ಲಿ ಇನ್ನೂ ವಿವರವಾಗಿ ಬರುತ್ತೆ. ಪೋಸ್ಟಿನ ಒಳಗಿನ ಕೋಡುಗಳೂ ಒಂದು ಸಾಲಲ್ಲಿ ಇವೆ, ಇಎಂಸಿ ಅಂದ್ರೆ ನಮ್ಮ ದೇಶ ಬಿಡ್ತು, ಇಎಂಡಿ ಅಂದ್ರೆ ಅಲ್ಲಿ ಇಳೀತು, ಇಎಂಇ ಅಂದ್ರೆ ಕಸ್ಟಮ್ಸ್ ಹಿಡ್ಕೊಂಡಿದೆ, ಇಎಂಎಚ್ ಅಂದ್ರೆ ಮನೆ ಬಾಗಿಲಿಗೆ ಹೋಗಿ ಕೊಡೋಕಾಗ್ಲಿಲ್ಲ, ಇಎಂಐ ಅಂದ್ರೆ ಕೊಟ್ಟಾಯ್ತು. ನಿಮಗೆ ಬೇಕಾಗಿರೋದು ಕೊನೇದು. ಇಎಂಎಚ್ ಬಂದ್ರೆ ತಡ ಮಾಡ್ದೆ ಕಸ್ಟಮರಿಗೆ ಮೆಸೇಜ್ ಹಾಕಿ, ನಿಮ್ಮೂರ ಪೋಸ್ಟಾಫೀಸಲ್ಲಿ ಪಾರ್ಸೆಲ್ ಕಾಯ್ತಿದೆ ಹೋಗಿ ತಗೊಳ್ಳಿ ಅಂತ, ಅದೂ ಆ ಪ್ಲಾಟ್‌ಫಾರಂ ಒಳಗಿನ ಮೆಸೇಜಲ್ಲೇ ಹಾಕಿ. ವಾಟ್ಸಾಪ್ ಸ್ಕ್ರೀನ್‌ಶಾಟಿಗೆ ಅಲ್ಲಿ ಅಷ್ಟು ಬೆಲೆ ಇಲ್ಲ.

ಡೆಲಿವರ್ಡ್ ಅಂತ ಬಂದ ದಿನಾನೇ ಆ ಪೇಜನ್ನ ಪಿಡಿಎಫ್ ಮಾಡಿ. ಬರೀ ಹಸಿರು ಟಿಕ್ ಕ್ರಾಪ್ ಮಾಡಿದ ಸ್ಕ್ರೀನ್‌ಶಾಟ್ ಬೇಡ, ಮೇಲೆ ವೆಬ್ ವಿಳಾಸ, ನಂಬರು, ಊರು, ತಾರೀಖು ಎಲ್ಲಾ ಒಂದೇ ಪುಟದಲ್ಲಿ ಇರ್ಬೇಕು. ಪೋಸ್ಟ್ ಸೈಟುಗಳು ಹಳೇ ಟ್ರ್ಯಾಕಿಂಗನ್ನ ಕೆಲವು ತಿಂಗಳಾದ್ಮೇಲೆ ಅಳಿಸಿಬಿಡ್ತಾವೆ, ಪೇಪಾಲಲ್ಲಿ ಕಸ್ಟಮರಿಗೆ ದುಡ್ಡು ಕೊಟ್ಟ ದಿನದಿಂದ 180 ದಿನದವರೆಗೂ ತಕರಾರು ತೆಗೆಯೋಕೆ ಅವಕಾಶ ಇದೆ. ಅಂದ್ರೆ ತಕರಾರು ಬರೋ ಹೊತ್ತಿಗೆ ಸೈಟಲ್ಲಿ ನಿಮ್ಮ ಪ್ರೂಫೇ ಇಲ್ದಿರ್ಬಹುದು.

ಕಸ್ಟಮ್ಸಲ್ಲಿ ಸಿಕ್ಕಾಕ್ಕೊಳ್ಳೋದು ಡೆಲಿವರಿ ಆಗದೇ ಇರೋಕೆ ದೊಡ್ಡ ಕಾರಣ. ಅಮೆರಿಕಾಕ್ಕೆ 800 ಡಾಲರ್ ಒಳಗಿನದ್ದು ಸುಂಕ ಇಲ್ದೆ ಹೋಗ್ತಿತ್ತಲ್ಲ, ಅದು 2025ರ ಆಗಸ್ಟ್ 29ಕ್ಕೆ ನಿಂತೋಯ್ತು, ಆ ಗಲಾಟೇಲಿ ಇಂಡಿಯಾ ಪೋಸ್ಟ್ ಕೂಡ ಅಲ್ಲಿಗೆ ಬುಕ್ಕಿಂಗ್ ನಿಲ್ಲಿಸಿ ಅಕ್ಟೋಬರಲ್ಲಿ ಮತ್ತೆ ಶುರು ಮಾಡ್ತು, ಸುಂಕ ಇಲ್ಲೇ ಮುಂಚೆ ಕಟ್ಟೋ ಪದ್ಧತಿಯಲ್ಲಿ. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ 2021ರ ಜುಲೈ 1ರಿಂದ ಎಷ್ಟು ಚಿಕ್ಕ ಪಾರ್ಸೆಲ್ಲಿಗೂ ವ್ಯಾಟ್ ಇದೆ. ಸುಂಕ ಯಾರು ಕಟ್ಬೇಕು ಅಂತ ಲಿಸ್ಟಿಂಗಲ್ಲೇ ಬರೆದಿರಿ, ಆರ್ಡರ್ ಬಂದ ದಿನ ಇನ್ನೊಂದ್ಸಲ ಮೆಸೇಜಲ್ಲಿ ಹೇಳಿ, ಅದೂ ನಿಮ್ಮ ದಾಖಲೆಯ ಭಾಗಾನೇ. ಬೀಟೆ ಮರದ ಮಾಲು ಕಳ್ಸೋರಿಗೆ ಇನ್ನೊಂದು ತಲೆನೋವು, ಬೀಟೆ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಮರ, ವೃಕ್ಷ್ ಸರ್ಟಿಫಿಕೇಟ್ ಥರದ ಕಾಗದ ಸರಿ ಇಲ್ಲ ಅಂದ್ರೆ ಅಲ್ಲೇ ಹಿಡಿದಿಟ್ಕೋತಾರೆ. ಮಂಡ್ಯದ ಬೆಲ್ಲ ಅಮೆರಿಕಾಕ್ಕೆ ಕಳ್ಸೋರು ಅಲ್ಲಿನ ಆಹಾರ-ಔಷಧ ಇಲಾಖೆಯಾದ ಎಫ್‌ಡಿಎಗೆ ಮುಂಚಿತವಾಗಿ ನೋಟಿಸ್ ಕೊಡ್ಬೇಕು, ತಿನ್ನೋ ಪದಾರ್ಥ ಅಲ್ವಾ. ಇವೆಲ್ಲಾ ಸರಿ ಇಲ್ದೆ ಪಾರ್ಸೆಲ್ ನಿಂತ್ರೆ ಯಾವ ಪ್ರೂಫೂ ಕಾಪಾಡಲ್ಲ.

ಸರಿ, ಎಲ್ಲಾ ಮಾಡಿದ್ರೂ ಕೇಸ್ ಬಂತು ಅನ್ಕೊಳ್ಳಿ. ಮೊದಲು ಗಡುವು ನೋಡಿ. ಇಬೇನಲ್ಲಿ ಮೂರು ವರ್ಕಿಂಗ್ ಡೇ ಒಳಗೆ ಉತ್ತರ ಕೊಡ್ಬೇಕು, ಪೇಪಾಲಲ್ಲಿ ಕಸ್ಟಮರ್ ತೆಗೆದ ತಕರಾರು (ಡಿಸ್ಪ್ಯೂಟ್) ಪೇಪಾಲೇ ತೀರ್ಮಾನಿಸೋ ಕ್ಲೇಮ್ ಆಗಿ ಬದಲಾದ್ಮೇಲೆ ಹತ್ತು ದಿನ. ದಸರಾ ರಜೆ, ಆಯುಧ ಪೂಜೆ ಅಂತ ನಾವು ಅಂಗಡಿ ಮುಚ್ಚಿ ಊರಿಗೆ ಹೋಗಿದ್ರೂ ಅವರ ಗಡಿಯಾರ ನಿಲ್ಲಲ್ಲ, ಮೇಲ್ ನೋಟಿಫಿಕೇಷನ್ ಆನ್ ಇರ್ಲಿ.

ಟ್ರ್ಯಾಕಿಂಗಲ್ಲಿ ಡೆಲಿವರ್ಡ್ ಇದ್ರೆ ಕಸ್ಟಮರಿಗೆ ನಯವಾಗೇ ಬರೀರಿ, ಎಷ್ಟೋ ಸಲ ನಿಜವಾಗ್ಲೂ ಪಾಪ ಅವರಿಗೆ ಗೊತ್ತಿರಲ್ಲ, ಅಪಾರ್ಟ್‌ಮೆಂಟ್ ಆಫೀಸಲ್ಲೋ ಪಕ್ಕದ ಮನೇಲೋ ಇರುತ್ತೆ. ಇಂಥ ತಾರೀಖು ಇಷ್ಟೊತ್ತಿಗೆ ಮೇಲ್‌ಬಾಕ್ಸಿಗೆ ಹಾಕಿದೀವಿ ಅಂತ ಯುಎಸ್‌ಪಿಎಸ್ ತೋರಿಸ್ತಿದೆ, ಮನೆಯವರನ್ನ, ಅಕ್ಕಪಕ್ಕದವರನ್ನ ಒಂದ್ಸಲ ಕೇಳಿ, ಸಿಗ್ಲಿಲ್ಲ ಅಂದ್ರೆ ನಿಮ್ಮ ಪೋಸ್ಟಾಫೀಸಲ್ಲಿ ಈ ನಂಬರ್ ತೋರ್ಸಿ ಅಂತ. ಅಲ್ಲಿನ ಪೋಸ್ಟ್‌ಮ್ಯಾನ್ ಸ್ಕ್ಯಾನ್ ಮಾಡಿದ ಜಾಗದ ಜಿಪಿಎಸ್ ಅವರ ಹತ್ರ ಇರುತ್ತೆ, ಅದನ್ನ ನೋಡೋಕೆ ಅಲ್ಲಿರೋ ಕಸ್ಟಮರೇ ಕೇಳ್ಬೇಕು, ಇಲ್ಲಿಂದ ನಾವು ಫೋನ್ ಮಾಡಿದ್ರೆ ಕೆಲಸ ಆಗಲ್ಲ.

ಪ್ಲಾಟ್‌ಫಾರಮ್ಮಿಗೆ ಉತ್ತರ ಬರೆಯುವಾಗ ಮಾತ್ರ ಕಥೆ ಬೇಡ. "ನಾನು ಬಡ ಕಲಾವಿದ, ಈ ಕಸ್ಟಮರ್ ಮೋಸಗಾರ" ಅಂತೆಲ್ಲಾ ಬರೆದ್ರೆ ಓದೋರು ಅದನ್ನ ಹಾರಿಸ್ಕೊಂಡು ಹೋಗ್ತಾರೆ. ಆರ್ಡರ್ ನಂಬರ್ ಇದು, ಆರ್ಡರಲ್ಲಿದ್ದ ವಿಳಾಸದ ಊರು ಮತ್ತೆ ಕೋಡ್ ಇದು, ಕಳ್ಸಿದ ದಿನ ಇದು, ಟ್ರ್ಯಾಕಿಂಗ್ ನಂಬರ್ ಇದು, ತಲುಪಿದ ದಿನ ಇದು, ತಲುಪಿದ ಊರು ಮತ್ತೆ ಕೋಡ್ ಇದು, ಎರಡೂ ಒಂದೇ. ಅಷ್ಟೇ. ಜೊತೆಗೆ ಒಂದೇ ಪಿಡಿಎಫಲ್ಲಿ ಆರ್ಡರ್ ಪುಟ, ಲೇಬಲ್ ಇರೋ ಫೋಟೋ, ಡೆಲಿವರಿ ಪುಟ, ಸಹಿ ಇದ್ರೆ ಅದು, ಈ ಕ್ರಮದಲ್ಲಿ. ಕಸ್ಟಮರ್ ದೂರಿನ ಮೇಲೆ ದುಡ್ಡು ವಾಪಸ್ ಎಳೆಯೋಕೆ ಕಾರ್ಡ್ ಬ್ಯಾಂಕಿಂದ ಚಾರ್ಜ್‌ಬ್ಯಾಕ್ ಬಂದ್ರೂ ಇದೇ ಫೈಲ್ ನಡೆಯುತ್ತೆ, ವೀಸಾದಲ್ಲಿ ಮಾಲು ಬಂದಿಲ್ಲ ಅನ್ನೋ ದೂರಿಗೆ 13.1 ಅಂತ ಕೋಡ್ ಇರುತ್ತೆ, ಅದನ್ನ ನೋಡ್ಕೊಂಡೇ ಉತ್ತರ ಕೊಡಿ, ಯಾಕಂದ್ರೆ ದೂರು "ಹೇಳಿದ ಥರ ಇಲ್ಲ" ಅಂತ ಇದ್ರೆ ಡೆಲಿವರಿ ಪ್ರೂಫ್ ಕೊಟ್ಟು ಏನೂ ಗೆಲ್ಲೋಕಾಗಲ್ಲ. ಕಸ್ಟಮರ್ "ಕೇಸ್ ವಾಪಸ್ ತಗೋತೀನಿ, ದುಡ್ಡು ಬೇರೆ ದಾರೀಲಿ ಕಳ್ಸಿ" ಅಂದ್ರೆ ಒಪ್ಕೋಬೇಡಿ, ಆಮೇಲೆ ಎರಡು ಕಡೆಯಿಂದಾನೂ ಹೋಗುತ್ತೆ. ಕೊಡೋದಿದ್ರೆ ಆ ಕೇಸ್ ಒಳಗಿನ ರೀಫಂಡ್ ಬಟನ್ನಲ್ಲೇ ಕೊಡಿ.

ಟ್ರ್ಯಾಕಿಂಗ್ ಮಧ್ಯದಲ್ಲೇ ನಿಂತೋಗಿದ್ರೆ ದಾರಿ ಬೇರೆ. ಬುಕ್ ಮಾಡಿದ ಪೋಸ್ಟಾಫೀಸಲ್ಲಿ ವಿಚಾರಣೆ ಅರ್ಜಿ ಕೊಡ್ಬೇಕು, ಅದರ ಅಂತರರಾಷ್ಟ್ರೀಯ ಫಾರಂ ಸಿಎನ್ 08, ಪಾರ್ಸೆಲ್ ಕಳ್ಸಿದ ಮಾರನೇ ದಿನದಿಂದ ಆರು ತಿಂಗಳ ಒಳಗೆ ಕೊಡ್ಬೇಕು. ರಸೀದಿ ಕೇಳ್ತಾರೆ, ಕೊಟ್ಟ ಅರ್ಜಿಯ ಸೀಲ್ ಬಿದ್ದ ಕಾಪಿ ತಗೊಂಡು ಬನ್ನಿ. ಆ ಕಡೆ ದೇಶದಿಂದ ಉತ್ತರ ಬರೋದು ನಿಧಾನ, ಕೇಸ್ ಅಲ್ಲಿವರೆಗೂ ಕಾಯಲ್ಲ, ಹಾಗಾಗಿ ಡೆಲಿವರಿ ಸ್ಕ್ಯಾನ್ ಇಲ್ಲ ಅಂದ್ರೆ ಜಗಳಕ್ಕೆ ಹೋಗ್ದೆ ರೀಫಂಡ್ ಮಾಡಿ ನಿಮ್ಮ ದುಡ್ಡನ್ನ ಪೋಸ್ಟಿಂದ ಇಲ್ಲಾ ಇನ್ಶೂರೆನ್ಸಿಂದ ಕೇಳೋದು ಒಳ್ಳೇದು. ಆಮೇಲೆ ಪಾರ್ಸೆಲ್ ಅಲ್ಲಿ ತಲುಪಿ ಸ್ಕ್ಯಾನ್ ಬಂದ್ರೆ ಅದನ್ನ ತೋರ್ಸಿ ಕಸ್ಟಮರನ್ನ ಕೇಳಿ, ಮರ್ಯಾದಸ್ಥರು ದುಡ್ಡು ವಾಪಸ್ ಕಳ್ಸ್ತಾರೆ, ಕಳ್ಸದೇ ಇರೋರೂ ಇದ್ದಾರೆ.

ಪ್ರತಿ ಆರ್ಡರಿಗೂ ಒಂದು ಫೋಲ್ಡರ್, ಹೆಸರು ಬರೀ ತಾರೀಖು, ಆರ್ಡರ್ ನಂಬರ್, ದೇಶ. ಅದರಲ್ಲೇ ಪೋಸ್ಟಲ್ ಬಿಲ್ಲು ಅಥವಾ ಶಿಪ್ಪಿಂಗ್ ಬಿಲ್ಲು, ಬ್ಯಾಂಕಿಗೆ ದುಡ್ಡು ಬಂದ ಕಾಗದಾನೂ ಹಾಕಿ, ಜಿಎಸ್‌ಟಿ ಲೆಕ್ಕಕ್ಕೆ ಹೇಗೂ ವಾರ್ಷಿಕ ರಿಟರ್ನ್ ಗಡುವಿಂದ 72 ತಿಂಗಳು ಇಟ್ಕೊಳ್ಳಲೇಬೇಕು, ಆಡಿಟರ್ ಕೇಳಿದಾಗ ತಡಕಾಡೋದು ತಪ್ಪುತ್ತೆ.

ಹತ್ತು ಡಾಲರಿನ ಅಗರಬತ್ತಿ ಪ್ಯಾಕಿಗೆಲ್ಲಾ ಇಷ್ಟು ಮಾಡ್ಬೇಕಾ ಅಂದ್ರೆ, ನನ್ ಪ್ರಕಾರ ಬೇಡ. ಟ್ರ್ಯಾಕ್ಡ್ ಪ್ಯಾಕೆಟಲ್ಲಿ ಕಳ್ಸಿ, ರಸೀದಿ ಫೋಟೋ ಇಟ್ಕೊಳ್ಳಿ, ಕೇಸ್ ಬಂದು ಸ್ಕ್ಯಾನ್ ಇಲ್ದಿದ್ರೆ ರೀಫಂಡ್ ಕೊಟ್ಟು ಮುಂದೆ ಹೋಗಿ, ಆ ನಷ್ಟವನ್ನ ಬೆಲೆಯಲ್ಲೇ ಸ್ವಲ್ಪ ಸೇರಿಸಿಡಿ. ಅದೇ ದೇಶ, ಅದೇ ಪಿನ್ ಕೋಡಿಂದ ಮತ್ತೆ ಮತ್ತೆ ಬಂದಿಲ್ಲ ಬಂದಿಲ್ಲ ಅಂತ ಶುರುವಾದ್ರೆ ಮಾತ್ರ ಆ ಕಡೆಗೆ ಕಳ್ಸೋದನ್ನ ಲಿಸ್ಟಿಂಗಲ್ಲಿ ಆಫ್ ಮಾಡಿ.